ಸೀಸೆಯ ತಳದ ಗಸಿ

ಲೋರ್ನಾ ಟ್ರೆಜೀಸ್‌ಗೆ ಕಂಪನಿ ಇವತ್ತಿಗೂ ವಾರಕ್ಕೊಂದು ಪೆಟ್ಟಿಗೆ ಬಿಯರು ಬಾಕಿ ಇಟ್ಟುಕೊಂಡಿದೆ. ಅವಳೊಬ್ಬಳಿಗಲ್ಲ, ಮೆರಿಗಲ್ ಊರಿನ ಬಿಯರು ಕಾರ್ಖಾನೆಯಲ್ಲಿ ಬೆನ್ನು ಬಗ್ಗಿಸಿ ದುಡಿದು ಇನ್ನೂ ಉಸಿರಾಡುತ್ತಿರುವ ಎಲ್ಲರಿಗೂ. ಇದನ್ನು ಇನಾಮು ಅಂತ ಯಾರೂ ತಿಳಿಯಬೇಡಿ. ಸಂಬಳ ಏರಿಸಲು ಕೈಲಾಗದು ಅಂತ ಹಳೆಯ ಮಾಲೀಕರು ಕೈ ಚೆಲ್ಲಿದ ವರ್ಷ, ಏರಬೇಕಾಗಿದ್ದ ಕೂಲಿಯ ಬದಲಿಗೆ ಆದ ಒಪ್ಪಂದ ಅದು: ದುಡಿಯುವಷ್ಟು ದಿನ ವಾರಕ್ಕೊಂದು ಪೆಟ್ಟಿಗೆ, ದುಡಿಮೆ ಬಿಟ್ಟ ಮೇಲೆ ಸಾಯುವ ತನಕ ವಾರಕ್ಕೊಂದು ಪೆಟ್ಟಿಗೆ. ಕೂಲಿ ಅಂದರೆ ಕೂಲಿ. ನೋಟಿನಲ್ಲಿದ್ದರೇನು, ನೊರೆಯಲ್ಲಿದ್ದರೇನು.

ಮೊದಮೊದಲು ಹೆಂಗಸರಿಗೆ ಅರ್ಧ ಪೆಟ್ಟಿಗೆಯೇ ಗತಿ. ಹೆಂಗಸು ಅರ್ಧ ಕುಡಿಯುತ್ತಾಳೆ ಅಂತ ಲೆಕ್ಕ ಹಾಕಿದ ಮಹಾನುಭಾವರಿಗೆ ಅವಳ ಪಾಳಿಯನ್ನೂ ಅರ್ಧಕ್ಕೆ ಇಳಿಸಬೇಕು ಅಂತ ಮಾತ್ರ ಹೊಳೆಯಲಿಲ್ಲ. ಲೋರ್ನಾ ಹದಿನೇಳಕ್ಕೆ ಕಾರ್ಖಾನೆ ಸೇರಿದವಳು. ಅವಳದು ಸೀಸೆ ನೋಡುವ ಕೆಲಸ. ತೊಳೆದ ಸೀಸೆಗಳು ಓಡುವ ಪಟ್ಟಿಯ ಮೇಲೆ ಸಾಲಾಗಿ ಬರುತ್ತವೆ, ಅವುಗಳ ಹಿಂದೆ ಬಿಳಿ ದೀಪ ಉರಿಯುತ್ತಿರುತ್ತದೆ, ಎದುರಿಗೆ ಎತ್ತರದ ಕುರ್ಚಿಯಲ್ಲಿ ಕೂತ ಹುಡುಗಿ ಒಂದೊಂದರ ತಳವನ್ನೂ ದಿಟ್ಟಿಸಬೇಕು. ಬಿರುಕು, ಸಿಗರೇಟಿನ ತುಂಡು, ಜಿರಳೆ, ಒಮ್ಮೊಮ್ಮೆ ಯಾರದೋ ಕಟ್ಟಿಸಿದ ಹಲ್ಲು. ಕಂಡ ಕೂಡಲೇ ಎತ್ತಿ ಆಚೆಗಿಡಬೇಕು. ಸಂಜೆ ಮನೆಗೆ ಬಂದು ಕಣ್ಣು ಮುಚ್ಚಿದರೂ ರೆಪ್ಪೆಯೊಳಗೆ ಸೀಸೆಗಳು ನಡೆಯುತ್ತಲೇ ಇರುತ್ತಿದ್ದವು. ಇಷ್ಟಕ್ಕೆ ಅರ್ಧ ಪೆಟ್ಟಿಗೆ.

ಅವಳಿಗೆ ಇಪ್ಪತ್ತಾರು ತುಂಬಿದ ವರ್ಷ ಒಂದು ಸೋಮವಾರ ಬೆಳಿಗ್ಗೆ ಸೀಸೆ ನೋಡುವ ಹೆಂಗಸರೆಲ್ಲ ಒಂದು ಸೀಸೆ ಬಿಟ್ಟು ಒಂದು ಸೀಸೆ ನೋಡತೊಡಗಿದರು. ಒಂದನ್ನು ನೋಡುವುದು, ಮುಂದಿನದು ಬಂದಾಗ ಮುಖ ತಿರುಗಿಸಿ ಕಿಟಕಿಯಾಚೆಯ ಗೋದಿ ಉಗ್ರಾಣವನ್ನು ನೋಡುವುದು. ಮ್ಯಾನೇಜರು ಓಡಿ ಬಂದು ಏನಿದು ಅಂತ ಕೇಳಿದಾಗ ಲೋರ್ನಾ ಕುರ್ಚಿಯಿಂದ ಇಳಿಯದೆಯೇ ಹೇಳಿದಳು: "ಅರ್ಧ ಪೆಟ್ಟಿಗೆ ಕೊಡ್ತೀರಲ್ಲ ಸಾರ್, ಅರ್ಧ ಸೀಸೆ ನೋಡ್ತಿದೀವಿ. ಇನ್ನರ್ಧ ನೀವು ಕೂತು ನೋಡ್ಕೊಳಿ."

ನೆಲಮಾಳಿಗೆಯ ತೊಟ್ಟಿಗಳನ್ನು ನೋಡಿಕೊಳ್ಳುತ್ತಿದ್ದ ಕ್ಲಾರಿ ಯುರೆನ್ ಆಗ ಯೂನಿಯನ್ನಿನ ಮುಂದಾಳು. ಆತುರ ಬೇಡ, ಮುಂದಿನ ಮಾತುಕತೆಯಲ್ಲಿ ಇಡೋಣ ಅಂದ. ಆ ಮುಂದಿನ ಮಾತುಕತೆಯ ಹೊತ್ತಿಗೆ ತನ್ನ ಮೊಮ್ಮಕ್ಕಳು ಕುಡಿಯುವ ವಯಸ್ಸಿಗೆ ಬಂದಿರುತ್ತಾರೆ ಅಂತ ಲೋರ್ನಾ ಹೇಳಿದಳು. ಅವಳಿಗಿನ್ನೂ ಮದುವೆಯೇ ಆಗಿರಲಿಲ್ಲ. ಕ್ಲಾರಿ ನಕ್ಕ, ನಕ್ಕವನು ಮರುದಿನ ಗಂಡಸರನ್ನೆಲ್ಲ ಕೆಲಸ ಬಿಡಿಸಿ ಹೊರಗೆ ಕರೆದುಕೊಂಡು ಬಂದ. ಆ ವಾರ ಮುಗಿಯುವುದರೊಳಗೆ ಹೆಂಗಸರಿಗೂ ಇಡೀ ಪೆಟ್ಟಿಗೆ ಬಂತು. ಲೋರ್ನಾ ಮೊದಲ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತುಕೊಂಡು ಮುಖ್ಯ ರಸ್ತೆಯ ನಟ್ಟ ನಡುವೆ ನಡೆದು ಮನೆಗೆ ಹೋದಳು. ಕಂಡವರು ಕಾರು ನಿಲ್ಲಿಸಿ ಹಾರ್ನ್ ಹೊಡೆದರು.

ಸೀಸೆಗೆ ಅಂಟಿಸಿದ ಚೀಟಿಯ ಮೇಲೆ ಮೆರಿಗಲ್ ಬಿಟರ್ ಅಂತ ಹೆಸರಿದ್ದರೂ ಚೀಟಿ ಕೆಂಪಗಿದ್ದದ್ದರಿಂದ ಊರವರ ಬಾಯಲ್ಲಿ ಅದು ಬರೀ ಕೆಂಪು. ಹೆರಿಗೆಯಾದರೆ ಕೆಂಪು, ಹೆಣ ಎತ್ತಿದರೆ ಕೆಂಪು, ಫುಟ್‌ಬಾಲಿನಲ್ಲಿ ಗೆದ್ದರೂ ಸೋತರೂ ಕೆಂಪು. ಕಹಿ ಜಾಸ್ತಿ, ಕಡೆಯಲ್ಲಿ ನಾಲಿಗೆಯ ಹಿಂದುಗಡೆ ಹಸಿ ಸೇಬು ಕಚ್ಚಿದ ಹಾಗೆ ಒಂದು ಚುರುಕು. ಬಲ್ಲವರು ಅದನ್ನು ದೋಷ ಅನ್ನುತ್ತಿದ್ದರು. ಊರಿಗೆ ಆ ದೋಷವೇ ಬೇಕಿತ್ತು.

ಹಳೆಯ ಮಾಲೀಕರ ಮೊಮ್ಮಕ್ಕಳು ಕಾರ್ಖಾನೆಯನ್ನು ಕರಾವಳಿಯ ದೊಡ್ಡ ಕಂಪನಿಯೊಂದಕ್ಕೆ ಮಾರಿದರು. ದೊಡ್ಡ ಕಂಪನಿ ಮೆರಿಗಲ್ಲಿಗೆ ಬಂದು ಬ್ಯಾಂಡು ಬಾರಿಸಿ, ಮಾಂಸ ತುಂಬಿದ ಕಡುಬಿನಂಥ ಪೇಸ್ಟಿ ಹಂಚಿ, ಊರಿನ ಪರಂಪರೆ ನಮ್ಮ ಪರಂಪರೆ ಅಂತ ಭಾಷಣ ಮಾಡಿ, ಎರಡನೆಯ ವರ್ಷಕ್ಕೆ ಗೇಟಿಗೆ ಬೀಗ ಜಡಿಯಿತು. ಹೆಸರು ಇಟ್ಟುಕೊಂಡರು, ಚೀಟಿ ಇಟ್ಟುಕೊಂಡರು, ಜನರನ್ನು ಬಿಟ್ಟರು. ಇನ್ನು ಮೇಲೆ ಕೆಂಪು ಕರಾವಳಿಯ ಕಾರ್ಖಾನೆಯಲ್ಲಿ ತಯಾರಾಗುತ್ತದೆ ಅಂದರು. ನಿವೃತ್ತರ ಪೆಟ್ಟಿಗೆಯ ಮಾತು ಎತ್ತಿದಾಗ, ಅದು ಹಿಂದಿನವರು ಬಾಯಿಮಾತಿನಲ್ಲಿ ನಡೆಸಿಕೊಂಡು ಬಂದ ಔದಾರ್ಯ, ನಮಗೆ ಅಂಟುವುದಿಲ್ಲ ಅಂದರು. ಔದಾರ್ಯವಂತೆ. ಹೆಂಗಸರು ಅರ್ಧ ಸೀಸೆ ನೋಡಿ ಕಿತ್ತುಕೊಂಡದ್ದಕ್ಕೆ ಔದಾರ್ಯ ಅಂತ ಹೆಸರಿಡಲು ಎಂಥ ನಾಲಿಗೆ ಬೇಕು, ನೋಡಿ.

ಕೊನೆಯ ಪಾಳಿಯ ದಿನ ಕ್ಲಾರಿಗೆ ಸಿಕ್ಕಿದ ಕೆಲಸ ಹೆಪ್ಪಿನ ತೊಟ್ಟಿಗೆ ಕಾಸ್ಟಿಕ್ ಸೋಡಾ ಸುರಿದು ಚರಂಡಿಗೆ ಬಿಡುವುದು. ಹೆಪ್ಪು ಅಂದರೆ ಬಿಯರಿನ ಯೀಸ್ಟು. ಮೊಸರಿನ ಹೆಪ್ಪಿನ ಹಾಗೆಯೇ, ಒಂದು ತೊಟ್ಟಿಯದು ಮುಂದಿನ ತೊಟ್ಟಿಗೆ, ಅಲ್ಲಿಂದ ಅದರ ಮುಂದಿನದಕ್ಕೆ, ನೂರು ವರ್ಷದಿಂದ ನಡೆದು ಬಂದದ್ದು. ಆ ಹಸಿ ಸೇಬಿನ ಚುರುಕು ಬರುತ್ತಿದ್ದದ್ದು ಅದರಿಂದಲೇ. ಕರಾವಳಿಯವರಿಗೆ ಅದು ಬೇಡವಾಗಿತ್ತು. ಅವರ ಹತ್ತಿರ ಬೇಗ ಹುಳಿಯುವ ಬೇರೆ ಹೆಪ್ಪಿತ್ತು. ಕ್ಲಾರಿ ಹೇಳಿದ ಕೆಲಸ ಮಾಡಿದ. ಮಾಡುವ ಮೊದಲು ತನ್ನ ಚಹಾದ ಫ್ಲಾಸ್ಕನ್ನು ಬಿಸಿನೀರಿನಲ್ಲಿ ತೊಳೆದು ತೊಟ್ಟಿಯಲ್ಲಿ ಅದ್ದಿದ. ಗೇಟಿನಲ್ಲಿ ಚೀಲ ತಪಾಸಣೆ ಮಾಡಿದವನು ಫ್ಲಾಸ್ಕು ಅಲುಗಾಡಿಸಿ ನೋಡಿ, ಚಹಾ ತಣ್ಣಗಾಗಿದೆ ಅಂತ ಹೇಳಿ ವಾಪಸು ಕೊಟ್ಟ.

ಕರಾವಳಿಯ ಕೆಂಪು ಊರಿಗೆ ಬಂತು. ತಗಡು ನೆಕ್ಕಿದ ಹಾಗಿತ್ತು. ಅವತ್ತೇ ಲೋರ್ನಾಳ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಹಳಬರು ಹನ್ನೊಂದು ಮನೆಯವರು ಸೇರಿ, ಕೊಡದಿದ್ದರೆ ನಾವೇ ಮಾಡಿಕೊಳ್ಳೋಣ ಅಂತ ತೀರ್ಮಾನ ಮಾಡಿದರು.

ಆದರೆ ಒಂದು ಕಾರ್ಖಾನೆಯ ಬಿಯರನ್ನು ಮನೆಯಲ್ಲಿ ನಕಲು ಮಾಡುವುದು ಬಾಯಲ್ಲಿ ಹೇಳಿದಷ್ಟು ಸುಲಭವಿಲ್ಲ. ಮೊದಲ ಸಲ ಸೂಪರ್ ಮಾರ್ಕೆಟ್ಟಿನಿಂದ ಮಾಲ್ಟಿನ ಪಾಕದ ಡಬ್ಬಿ ತಂದು, ಸಕ್ಕರೆ ಬೆರೆಸಿ, ಕ್ಲಾರಿಯ ಫ್ಲಾಸ್ಕಿನ ಹೆಪ್ಪು ಹಾಕಿ, ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಹುಳಿಯಲು ಇಟ್ಟರು. ಜನವರಿ ಅಂದರೆ ಆ ಕಡೆ ನಡು ಬೇಸಿಗೆ, ಸೆಕೆಗೆ ಶೆಡ್ಡು ಒಲೆಯಾಗಿ ಬಿಯರು ಬಾಳೆಹಣ್ಣಿನ ವಾಸನೆ ಹೊಡೆಯಿತು. ಎರಡನೆಯ ಸಲ ಸೀಸೆಗೆ ಸಕ್ಕರೆ ಹೆಚ್ಚಾಗಿ ಅರ್ಧಕ್ಕರ್ಧ ಸೀಸೆಗಳು ಪಟಾಕಿಯ ಹಾಗೆ ಸಿಡಿದವು, ಲೋರ್ನಾಳ ನಾಯಿ ವಾರವಿಡೀ ಶೆಡ್ಡಿನ ಕಡೆ ಸುಳಿಯಲಿಲ್ಲ. ಕಂಪನಿ ಒಬ್ಬೊಬ್ಬನಿಗೆ ಒಂದೊಂದು ತುಂಡು ಕೆಲಸ ಕೊಟ್ಟಿತ್ತಲ್ಲ, ಇಡೀ ಬಿಯರು ಯಾರ ತಲೆಯಲ್ಲೂ ಇರಲಿಲ್ಲ. ಕುದಿಸುವ ಮನೆಯಲ್ಲಿದ್ದವನಿಗೆ ಯಾವ ಹೊತ್ತಿಗೆ ಕಹಿ ಕೊಡುವ ಹಾಪ್ಸ್ ಹೂವು ಹಾಕುತ್ತಿದ್ದರು ಅಂತ ಗೊತ್ತು, ಎಷ್ಟು ಅಂತ ಗೊತ್ತಿಲ್ಲ. ಉಗ್ರಾಣದಲ್ಲಿದ್ದವನಿಗೆ ಎಷ್ಟು ಮೂಟೆ ಹೋಗುತ್ತಿತ್ತು ಅಂತ ಗೊತ್ತು, ಯಾಕೆ ಅಂತ ಗೊತ್ತಿಲ್ಲ. ಎಲ್ಲರೂ ಕೂತು ತಮ್ಮ ತಮ್ಮ ತುಂಡು ತಂದು, ಜಗಳವಾಡಿ, ಬೈದಾಡಿ, ಹೊಲಿದರು. ಡಬ್ಬಿಯ ಪಾಕ ಬಿಟ್ಟು ಮೊಳಕೆ ಬಾರ್ಲಿಗೇ ಬಂದರು. ಡ್ರಮ್ಮಿಗೆ ಒದ್ದೆ ಗೋಣಿ ಸುತ್ತಿ ಫ್ಯಾನು ಇಟ್ಟರು. ಮೂರನೆಯ ವರ್ಷ ಒಂದು ಭಾನುವಾರ ಮಧ್ಯಾಹ್ನ ಕ್ಲಾರಿ ಒಂದು ಗುಟುಕು ಕುಡಿದು, ಬಾಯಲ್ಲೇ ಇಟ್ಟುಕೊಂಡು, ನುಂಗಿ, ಲೋಟ ಲೋರ್ನಾಳ ಕೈಗೆ ಕೊಟ್ಟ. ಸೇಬು ಬಂದಿತ್ತು.

ಹೆಪ್ಪು ಸಾಯಬಾರದು ಅಂತ ಅವರದೇ ಒಂದು ಪದ್ಧತಿ ಬೆಳೆಯಿತು. ಹೆಪ್ಪು ಒಂದು ಗಾಜಿನ ಭರಣಿಯಲ್ಲಿ ಮನೆಯಿಂದ ಮನೆಗೆ ಹೋಗುತ್ತದೆ. ಯಾರ ಮನೆಗೆ ಬಂತೋ ಅವರು ಆ ವಾರವೇ ಬಿಯರು ಹಾಕಬೇಕು. ಹುಳಿದ ಮೇಲೆ ಡ್ರಮ್ಮಿನ ತಳದಿಂದ ಹೊಸ ಹೆಪ್ಪು ತೆಗೆದು ಮುಂದಿನ ಮನೆಗೆ ಮುಟ್ಟಿಸಬೇಕು. ಮನೆಯಲ್ಲಿ ಸಾವಾಗಲಿ, ಮದುವೆಯಾಗಲಿ, ಸರದಿ ತಪ್ಪಬಾರದು. ಒಬ್ಬನಿಗೆ ಹೃದಯಾಘಾತವಾಗಿ ಆಸ್ಪತ್ರೆಯಲ್ಲಿದ್ದಾಗ ಅವನ ಹೆಂಡತಿ ಅವನ ಹಾಸಿಗೆಯ ಪಕ್ಕದಿಂದ ಎದ್ದು ಹೋಗಿ ಭರಣಿ ಮುಟ್ಟಿಸಿ ಬಂದಳು. ಭರಣಿ ಇರುವ ಫ್ರಿಜ್ಜಿಗೆ ಸರಪಳಿ, ಸರಪಳಿಗೆ ಬೀಗ. ಹನ್ನೊಂದು ಮನೆಯಲ್ಲೂ ಹಾಗೆಯೇ.

ಸೀಸೆಯಲ್ಲಿ ತುಂಬಿದ ಮನೆ ಬಿಯರಿನ ತಳದಲ್ಲಿ ತೆಳ್ಳಗೆ ಒಂದು ಪದರ ಗಸಿ ಕೂರುತ್ತದೆ. ಲೋಟಕ್ಕೆ ಬಗ್ಗಿಸುವಾಗ ಕೊನೆಯ ಒಂದು ಬೆರಳಷ್ಟು ಸೀಸೆಯಲ್ಲೇ ಬಿಡುವುದು, ಆಮೇಲೆ ಸೀಸೆ ಕುಲುಕಿ ಹಿತ್ತಲಿನ ನಿಂಬೆ ಗಿಡದ ಬುಡಕ್ಕೆ ಚೆಲ್ಲುವುದು. ಮನೆಯಲ್ಲಿ ಬಿಯರು ಮಾಡುವ ಯಾರ ಹಿತ್ತಲಲ್ಲಿ ನೋಡಿ, ನಿಂಬೆ ಗಿಡ ಕೊಬ್ಬಿರುತ್ತದೆ.

ಕರಾವಳಿಯ ಕೆಂಪು ಊರಿನಲ್ಲೂ ಹೊರಗೂ ಓಡಲಿಲ್ಲ. ಚೀಟಿ ಅದೇ, ಒಳಗಿನ ಜೀವ ಬೇರೆ. ಕುಡಿಯುವವರ ನಾಲಿಗೆ ಕಂಪನಿಯ ಪೋಸ್ಟರು ಓದುವುದಿಲ್ಲ. ಮೆರಿಗಲ್ಲಿನ ಮುದುಕರ ಫ್ರಿಜ್ಜಿನಲ್ಲಿ ಹಳೆಯ ಹೆಪ್ಪು ಬದುಕಿದೆ ಅನ್ನುವ ಸುದ್ದಿ ಕರಾವಳಿಗೂ ಮುಟ್ಟಿತು. ಹೋದ ವರ್ಷ ಕಂಪನಿಯ ಹೊಸ ಬಿಯರು ಮುಖ್ಯಸ್ಥ ಹ್ಯೂಗೋ ಬ್ರಾಕ್‌ಮನ್ ಅನ್ನುವವನು ಲೋರ್ನಾಳ ಶೆಡ್ಡಿಗೆ ಬಂದ. ಮೂವತ್ತೈದರ ಆಸುಪಾಸಿನವನು, ಕೆಲಸ ಬಲ್ಲವನು, ಮೃದುವಾಗಿ ಮಾತಾಡುವವನು. ಹೆಪ್ಪಿಗೆ ಎಷ್ಟು ಬೇಕು ಹೇಳಿ ಅಂದ.

"ಮೂವತ್ತೆಂಟು ಪೆಟ್ಟಿಗೆ," ಅಂದಳು ಲೋರ್ನಾ. "ವಾರಕ್ಕೆ. ಇರೋ ಮೂವತ್ತೆಂಟು ಜನಕ್ಕೂ, ಸಾಯೋ ತನಕ. ಬಹಳ ದಿನವೇನೂ ಆಗಲ್ಲ ಬಿಡು, ನಮ್ಮ ಮುಖ ನೋಡಿದ್ರೆ ಗೊತ್ತಾಗಲ್ವ."

ಬ್ರಾಕ್‌ಮನ್ ಮೇಲಿನವರನ್ನು ಕೇಳುತ್ತೇನೆ ಅಂತ ಹೋದ. ತಿರುಗಿ ಬಂದು, ಒಂದು ಊರಿನಲ್ಲಿ ಕೊಟ್ಟರೆ ಮುಚ್ಚಿದ ಎಲ್ಲ ಕಾರ್ಖಾನೆಗಳವರೂ ಬಾಗಿಲಿಗೆ ಬರುತ್ತಾರೆ, ಆಗುವುದಿಲ್ಲವಂತೆ ಅಂದ. ಹಾಗಾದರೆ ತಗಡೇ ನೆಕ್ಕುತ್ತಾ ಇರಿ ಅಂತ ಅವಳು ಬಾಗಿಲು ತೋರಿಸಿದಳು. ಕ್ಲಾರಿಗೆ ಹೇಳಿದಾಗ ಅವನಿಗೆ ಖುಷಿಯೋ ಖುಷಿ. ಮಾರಾಟ ಬೀಳುತ್ತಿದೆ, ಇನ್ನೊಂದು ವರ್ಷ ಬಿಗಿಹಿಡಿದರೆ ಬಗ್ಗುತ್ತಾರೆ, ಇಷ್ಟು ವರ್ಷಕ್ಕೆ ನಮ್ಮ ಕೈಯಲ್ಲಿ ಒಂದು ಹತಾರ ಸಿಕ್ಕಿದೆ ಅಂದ. ನಿಜವೇ. ಭರಣಿ ಅವರ ಕೈಯಲ್ಲಿರುವ ತನಕ ಪೆಟ್ಟಿಗೆ ವಾಪಸು ಬರುವ ದಾರಿ ತೆರೆದಿತ್ತು.

ಆಮೇಲೆ ಬ್ರಾಕ್‌ಮನ್ ರೇಡಿಯೋದಲ್ಲಿ ಮಾತಾಡಿದ. ನೆನಪಿನಲ್ಲಿ ಎಲ್ಲ ಬಿಯರೂ ರುಚಿ, ಕಣ್ಣು ಕಟ್ಟಿ ಕುಡಿಸಿದರೆ ಮೆರಿಗಲ್ಲಿನ ಹಿರಿಯರಿಗೆ ಹಳೆಯದು ಯಾವುದು ಹೊಸದು ಯಾವುದು ಗೊತ್ತಾಗುವುದಿಲ್ಲ, ಪಾಪ, ನಾನವರನ್ನು ಗೌರವಿಸುತ್ತೇನೆ ಅಂದ. ಲೋರ್ನಾ ಪಾತ್ರೆ ತೊಳೆಯುತ್ತಾ ಕೇಳಿಸಿಕೊಂಡಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಪಾಪ ಅಂದದ್ದು ಎದೆಗೆ ನೆಟ್ಟಿತು. ಅದೇ ವಾರ, ವರ್ಷಾವರ್ಷ ನಡೆಯುವ ಕೃಷಿ ಪ್ರದರ್ಶನದಲ್ಲಿ ಈ ಸಲ ಹಳೆಯ ಕೆಂಪಿನ ನಕಲು ಮಾಡುವ ಪಂದ್ಯ ಇದೆ, ಖರ್ಚು ಕಂಪನಿಯದು ಅಂತ ಸುದ್ದಿ ಬಂತು. ಕುರಿ, ಜಾಮು, ಹೆಣೆದ ಸ್ವೆಟರುಗಳ ಜೊತೆ ಮನೆ ಬಿಯರಿನ ಪಂದ್ಯ ಅಲ್ಲಿ ಮೊದಲಿಂದಲೂ ಇತ್ತು. ಇದು ಹೊಸದು.

ಶೆಡ್ಡಿನಲ್ಲಿ ಸಭೆ ಸೇರಿತು. ಕ್ಲಾರಿ ಬೇಡವೇ ಬೇಡ ಅಂದ. "ಅವರ ದುಡ್ಡಲ್ಲಿ ನಡಿಯೋ ಪಂದ್ಯ ಕಣೇ. ನಾವು ಅದರೊಳಗೆ ಕಾಲಿಡಬಾರದು. ಅವರಿಗೂ ನಮಗೂ ನಡುವೆ ಗೆರೆ ಅಂದ್ರೆ ಗೆರೆ."

ಲೋರ್ನಾ ಬಿಡಲಿಲ್ಲ. ಅಳತೆ ಹೇಳುವುದಿಲ್ಲ, ಭರಣಿ ತೋರಿಸುವುದಿಲ್ಲ, ಬರೀ ಬಿಯರು ಇಡೋಣ ಅಂದಳು. ಕಂಪನಿಯ ಕೆಂಪನ್ನೂ ಹೆಸರಿಲ್ಲದೆ ಅದೇ ಮೇಜಿನ ಮೇಲೆ ಇಡಲಿ, ಊರೆದುರು ಮೂಗು ಕತ್ತರಿಸೋಣ, ಆಗ ಅವರೇ ಓಡಿ ಬಂದು ಪೆಟ್ಟಿಗೆ ಕೊಟ್ಟು ಕಾಲು ಹಿಡಿಯುತ್ತಾರೆ ಅಂದಳು. ಅವಳ ಮಾತಿನಲ್ಲಿ ಕಾವಿತ್ತು. ರೇಡಿಯೋದ ಆ 'ಪಾಪ' ಎಲ್ಲರಿಗೂ ಚುಚ್ಚಿತ್ತು. ಕೈ ಎತ್ತಿ ಅಂದಾಗ ಕ್ಲಾರಿಯ ಪಕ್ಕ ಇಬ್ಬರೇ ಉಳಿದರು.

ಪಂದ್ಯಕ್ಕೆ ಮೂರು ಸೀಸೆ ಕೊಡಬೇಕಿತ್ತು. ಲೋರ್ನಾ ತನ್ನ ಸರದಿಯ ಬಿಯರಿನಲ್ಲಿ ಅತ್ಯುತ್ತಮವಾದ ಮೂರನ್ನು ಆರಿಸಿ, ಬಟ್ಟೆಯಲ್ಲಿ ಒರೆಸಿ, ಬೆಳಕಿಗೆ ಹಿಡಿದು ನೋಡಿ ಕೊಟ್ಟಳು. ತೀರ್ಪುಗಾರರು ಒಂದನ್ನು ಬಿಚ್ಚಿದರು. ಅವಳ ಬಿಯರಿಗೆ ಮೊದಲ ಸ್ಥಾನ, ನೀಲಿ ರಿಬ್ಬನ್ನು. ಕಂಪನಿಯ ಅಸಲಿ ಕೆಂಪು ತನ್ನದೇ ನಕಲು ಮಾಡುವ ಪಂದ್ಯದಲ್ಲಿ ನಾಲ್ಕನೆಯದಾಗಿ ಬಂತು. ಡೇರೆಯಲ್ಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಸಲಿಗಿಂತ ನಕಲಿ ವಾಸಿ, ಅಪ್ಪನಿಗಿಂತ ಮಗ ದೊಡ್ಡವನು ಅಂತ ಯಾರೋ ಕೂಗಿದರು. ಬ್ರಾಕ್‌ಮನ್ ಬಂದು ಅವಳ ಕೈ ಕುಲುಕಿದ. ಅವನೂ ನಗುತ್ತಿದ್ದ. ಮೂಗು ಕತ್ತರಿಸಿಕೊಂಡವನು ಇಷ್ಟು ಚೆನ್ನಾಗಿ ನಗುತ್ತಾನಲ್ಲ ಅಂತ ಅವಳಿಗೆ ಒಂದು ಗಳಿಗೆ ಅನಿಸಿತು. ಉಳಿದ ಎರಡು ಸೀಸೆ ತರಲು ಹೋದಾಗ, ಅವನ್ನು ಕಂಪನಿಯವರು ರುಚಿ ನೋಡಲು ಒಯ್ದರು ಅಂತ ಮೇಜಿನವನು ಹೇಳಿದ. ಕುಡಿಯಲಿ, ಕುಡಿದು ಕಲಿಯಲಿ ಅಂದುಕೊಂಡು ರಿಬ್ಬನ್ನು ಎದೆಗೆ ಸಿಕ್ಕಿಸಿಕೊಂಡು ಮನೆಗೆ ಬಂದಳು.

ಆರು ತಿಂಗಳು ಕಂಪನಿಯಿಂದ ಸದ್ದಿಲ್ಲ. ಯಾರೂ ಓಡಿ ಬರಲಿಲ್ಲ, ಕಾಲು ಹಿಡಿಯಲಿಲ್ಲ. ಆಮೇಲೆ ಮುಖ್ಯ ರಸ್ತೆಯ ಗ್ಲೋಬ್ ಪಬ್ಬಿನ ಗೋಡೆಗೆ ದೊಡ್ಡ ಪೋಸ್ಟರು ಬಿತ್ತು: ಹಳೆಯ ಸೀಸೆಯೊಂದರಿಂದ ಮರುಜೀವ ಪಡೆದ ಮೂಲ ಹೆಪ್ಪಿನ ಕೆಂಪು, ತವರಿಗೆ ಮರಳಿದೆ. ಶುಕ್ರವಾರ ಸಂಜೆ ಗ್ಲೋಬ್ ತುಂಬಿ ತುಳುಕಿತು. ಪಬ್ಬಿನ ಒಡತಿ ನೊಯೆಲೀನ್ ಮೊದಲ ಲೋಟವನ್ನು ಲೋರ್ನಾಳ ಮುಂದೆ ಇಟ್ಟಳು. ದುಡ್ಡು ಬೇಡ, ನೀನು ಕುಡಿ, ನಮ್ಮ ಕೆಂಪು ವಾಪಸು ಬಂತು ಅಂದಳು.

ಲೋರ್ನಾ ಕುಡಿದಳು. ಕಹಿ ಬಂತು, ಹಿಂದೆಯೇ ನಾಲಿಗೆಯ ಬುಡದಲ್ಲಿ ಹಸಿ ಸೇಬು. ಮೊದಲ ಗುಟುಕಿಗೆ ಅವಳಿಗೆ ಖುಷಿಯಾಯಿತು. ಅವಳಿಗೆ ಮೊದಲು ಸಿಟ್ಟು ಬಂದದ್ದು ಆ ಖುಷಿಯ ಮೇಲೆಯೇ. ಲೋಟ ಕೆಳಗಿಟ್ಟಳು. ಹಳೆಯ ಸೀಸೆ ಅಂತೆ. ಎಲ್ಲಿಯ ಹಳೆಯ ಸೀಸೆ? ಕಾರ್ಖಾನೆಯ ಕೆಂಪನ್ನು ಸೋಸಿ, ಕಾಯಿಸಿ, ಹೆಪ್ಪು ಒಂದು ಕಣವೂ ಉಳಿಯದ ಹಾಗೆ ಮಾಡಿಯೇ ಸೀಸೆಗೆ ತುಂಬುತ್ತಿದ್ದದ್ದು. ಅದರ ತಳದಲ್ಲಿ ಏನೂ ಇರುತ್ತಿರಲಿಲ್ಲ ಅನ್ನುವುದು ತಳ ನೋಡಿಯೇ ಹೊಟ್ಟೆ ಹೊರೆದವಳಿಗೆ ಗೊತ್ತಿಲ್ಲವೇ? ಹೆಪ್ಪು ತಳಕ್ಕೆ ಕೂರುವುದು ಮನೆಯ ಸೀಸೆಯಲ್ಲಿ ಮಾತ್ರ. ನಿಂಬೆ ಗಿಡದ ಬುಡಕ್ಕೆ ಚೆಲ್ಲುವ ಆ ಗಸಿಯೇ ಹೆಪ್ಪು. ಸತ್ತದ್ದಲ್ಲ, ಮಲಗಿರುವುದು. ಒಂದು ಚಮಚ ಸಿಹಿನೀರು ತೋರಿಸಿದರೆ ಎದ್ದು ಕೂರುತ್ತದೆ. ಬೇರೆ ಊರಿನ ಬಿಯರು ನಕಲು ಮಾಡುವ ಹುಡುಗರು ಅಂಗಡಿಯ ಗಸಿ ಬಿಯರಿನಿಂದ ಹಾಗೆಯೇ ಹೆಪ್ಪು ಎಬ್ಬಿಸುತ್ತಾರೆ. ಲೋರ್ನಾಳೇ ಎರಡು ಸಲ ಎಬ್ಬಿಸಿದ್ದಳು. ಹನ್ನೊಂದು ಮನೆಯ ಫ್ರಿಜ್ಜಿಗೆ ಸರಪಳಿ ಸುತ್ತಿ, ಅದೇ ಚಿನ್ನವನ್ನು ಮೂರು ಸೀಸೆಯಲ್ಲಿ ಒರೆಸಿ, ಹೊಳಪು ಕೊಟ್ಟು, ಕೈಯಾರೆ ಮುಟ್ಟಿಸಿ ಬಂದಿದ್ದಳು. ಮುಂಬಾಗಿಲಿಗೆ ಬೀಗ, ಹಿತ್ತಲಿಗೆ ಗೋಡೆಯೇ ಇಲ್ಲ.

ಬ್ರಾಕ್‌ಮನ್ ಅಲ್ಲೇ ಬಾರಿನ ತುದಿಯಲ್ಲಿದ್ದ. ಲೋರ್ನಾ ಜನರನ್ನು ಮೊಣಕೈಯಿಂದ ಸರಿಸಿಕೊಂಡು ಅವನ ಮುಂದೆ ಹೋಗಿ ನಿಂತಳು. ಆ ಹಳೆಯ ಸೀಸೆ ಎಷ್ಟು ಹಳೆಯದು, ಪ್ರದರ್ಶನದಿಂದ ಈಚಿನದೋ ಆಚಿನದೋ ಅಂತ ಕೇಳಿದಳು. ಅವನು ಸುಳ್ಳು ಹೇಳಲಿಲ್ಲ. ಅದೂ ಒಂದು ಸೊಕ್ಕೇ.

"ನೀವೇ ಕೊಟ್ಟ ಸೀಸೆ, ಲೋರ್ನಾ. ಯಾರೂ ನಿಮ್ಮ ಬೀಗ ಒಡೆದಿಲ್ಲ. ಅಲ್ಲದೆ ಅದು ಮೊದಲಿಂದ ಕಂಪನಿದೇ. ಫ್ಲಾಸ್ಕಲ್ಲಿ ಹೋಗಿದ್ದು ಸೀಸೆಲಿ ವಾಪಸ್ ಬಂತು, ಅಷ್ಟೆ."

"ಕಾಸ್ಟಿಕ್ ಸುರಿದು ಚರಂಡಿಗೆ ಬಿಡು ಅಂದವರು ನೀವು," ಅಂದಳು ಲೋರ್ನಾ. ಅವಳ ದನಿ ಏರಲಿಲ್ಲ, ಸುತ್ತಲಿನವರದು ಇಳಿಯಿತು. "ಕತ್ತು ಹಿಸುಕಿ ಎಸೆದ ಕೂಸು ದೊಡ್ಡದಾದ ಮೇಲೆ ಅಪ್ಪ ನಾನೇ ಅಂತ ಬಂದಿದೀಯ. ಬಾ. ಹನ್ನೊಂದು ವರ್ಷ ಸಾಕಿದ ಕೂಲಿ ಇಡು ಇಲ್ಲಿ. ಅದರ ಹಿಂದಿನ ಬಾಕಿನೂ ಇಡು. ಆಮೇಲೆ ಅಪ್ಪ ಆಗುವಂತೆ."

ಬ್ರಾಕ್‌ಮನ್ ಲೋಟ ಎತ್ತಿ, ನಿಮ್ಮ ಆರೋಗ್ಯಕ್ಕೆ ಅಂತ ಹೇಳಿ ಕುಡಿದ. ಒಂದಿಬ್ಬರು ತಲೆ ತಗ್ಗಿಸಿದರು. ಉಳಿದವರು ಮತ್ತೆ ಕುಡಿಯತೊಡಗಿದರು. ಬಿಯರು ಅಷ್ಟು ಚೆನ್ನಾಗಿತ್ತು.

ಮರುದಿನ ಶೆಡ್ಡಿನಲ್ಲಿ ಲೋರ್ನಾ ಎಲ್ಲರೆದುರು ನಡೆದದ್ದನ್ನು ಹೇಳಿದಳು. ಕ್ಲಾರಿಗೆ ಈಗ ಎಂಬತ್ತು ಹತ್ತಿರ, ಕೋಲು ಹಿಡಿದೇ ನಡೆಯುವುದು. ಅವನು ಕೋಲನ್ನು ನೆಲಕ್ಕೆ ಊರಿ, ಅವಳ ಕಡೆ ತಿರುಗಿದ.

"ಸೀಸೆ ತಳ ನೋಡೋಕೆ ಅಂತಾನೇ ಸಂಬಳ ತಗೊಂಡವಳು ನೀನು," ಅಂದ. "ಜಿರಳೆ ಕಾಲು ಕಾಣ್ತಿತ್ತು ನಿಂಗೆ. ಇದು ಕಾಣಲಿಲ್ಲ."

"ತೊಟ್ಟಿ ತಳ ಬಳಿದು ಬದುಕಿದವನು ನೀನೂ ಇಲ್ಲೇ ಇದ್ದೆಯಲ್ಲ," ಅಂದಳು ಲೋರ್ನಾ. "ನಿಂಗ್ಯಾಕೆ ಹೊಳೀಲಿಲ್ಲ?"

"ನಾನು ಬೇಡ ಅಂದಿದ್ದೆ."

"ಬೇಡ ಅಂದೆ. ಯಾಕೆ ಬೇಡ ಅಂತ ನಿಂಗೂ ಗೊತ್ತಿರಲಿಲ್ಲ."

ಅವನು ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಅಲ್ಲೇ ಕೂತ. ಒಬ್ಬರು ಇನ್ನೇನು ಉಳಿಯಿತು, ಕೈಲಿದ್ದ ಒಂದೇ ಹತಾರವೂ ಹೋಯಿತು, ಬೀಗ ಸರಪಳಿ ಮಾರಿ ಪೇಸ್ಟಿ ತಿನ್ನೋಣ ಅಂದರು. ಇನ್ನೊಬ್ಬರು ಹೇಗೂ ಒಳ್ಳೆಯ ಕೆಂಪು ಅಂಗಡಿಯಲ್ಲೇ ಸಿಗುತ್ತದಲ್ಲ, ಈ ವಯಸ್ಸಿಗೆ ಮೂಟೆ ಹೊತ್ತು ಕುದಿಸುವ ಕರ್ಮ ಯಾಕೆ ಅಂದರು. ಲೋರ್ನಾ ರಾತ್ರಿಯಿಡೀ ತನ್ನನ್ನು ತಾನೇ ಬೈದುಕೊಂಡು ಮುಗಿಸಿದ್ದಳು. ಬೈಗುಳ ತೀರಿದ ಮೇಲೆ ಉಳಿದದ್ದನ್ನು ಹೇಳಿದಳು.

"ನಾನು ಮಾಡಿದ್ದು ತಪ್ಪೇ. ಆದರೆ ನಾವೆಲ್ಲ ಇನ್ನೊಂದು ತಪ್ಪು ಮಾಡಿದ್ವಿ. ಹೆಪ್ಪು ಕೊಡ್ತೀವಿ, ಪೆಟ್ಟಿಗೆ ಕೊಡಿ ಅಂತ ವ್ಯಾಪಾರಕ್ಕೆ ಕೂತ್ವಿ. ನಮ್ಮ ಕೂಲಿ ನಾವು ಕೇಳೋಕೆ ಒತ್ತೆ ಯಾಕ್ರೋ ಬೇಕು? ಅರ್ಧ ಪೆಟ್ಟಿಗೆ ಇಡೀ ಮಾಡ್ಕೊಂಡಾಗ ನಮ್ಮ ಕೈಲಿ ಯಾವ ಭರಣಿ ಇತ್ತು? ಕುರ್ಚಿ ಇತ್ತು, ತಿರುಗಿಸೋಕೆ ಒಂದು ಮುಖ ಇತ್ತು."

ಮುಂದಿನ ಶುಕ್ರವಾರದಿಂದ ಗ್ಲೋಬ್‌ನ ಬಾಗಿಲೆದುರು ಮಡಚುವ ಕುರ್ಚಿಗಳ ಸಾಲು ಬಿತ್ತು, ಮುಷ್ಕರದ ಸಾಲು, ದುಡಿಯುವವರು ಯಾರೂ ದಾಟಬಾರದ್ದು. ಹನ್ನೊಂದು ಮನೆಯವರು, ಆಮೇಲೆ ಉಳಿದ ನಿವೃತ್ತರಲ್ಲೂ ಅರ್ಧ ಜನ. ಕೈಯಲ್ಲಿ ರಟ್ಟಿನ ಫಲಕ: ಈ ಕೆಂಪು ಕದ್ದದ್ದು, ನಮ್ಮ ಪೆಟ್ಟಿಗೆ ಎಲ್ಲಿ? ಪಬ್ಬಿನ ನೊಯೆಲೀನ್ ಹೊರಗೆ ಬಂದು ಮೊದಲು ಬೇಡಿಕೊಂಡಳು, ಆಮೇಲೆ ಅತ್ತಳು, ಆಮೇಲೆ ಪೊಲೀಸರನ್ನು ಕರೆದಳು. ಅವಳ ಕಷ್ಟ ಸುಳ್ಳಲ್ಲ. ಕೆಂಪು ಬಂದ ಮೇಲೆಯೇ ಅವಳ ಪಬ್ಬಿಗೆ ಜನ ಬಂದದ್ದು. ಲೋರ್ನಾ ಅವಳಿಗೆ ಹೇಳಿದ್ದಿಷ್ಟೇ: ಬೇರೆ ಯಾವ ಬಿಯರು ಬೇಕಾದರೂ ಮಾರು, ನಾವೇ ಒಳಗೆ ಬಂದು ಕುಡಿಯುತ್ತೇವೆ. ನೊಯೆಲೀನ್ ಕೆಂಪಿನ ಪೀಪಾಯಿಯನ್ನು ತಾನೇ ಉರುಳಿಸಿಕೊಂಡು ಸಾಲು ದಾಟಿ ಒಳಗೆ ಹೋದಳು. ಮೂವತ್ತು ವರ್ಷದ ಗೆಳತಿ. ಅವರಿಬ್ಬರ ನಡುವೆ ಈಗ ಮಾತಿಲ್ಲ.

ಒಂದು ಸಂಜೆ, ಗೋದಿ ಲಾರಿ ಓಡಿಸುವ ಇಪ್ಪತ್ತೈದರ ಯುವಕನೊಬ್ಬ ಅವಳ ಕುರ್ಚಿಯ ಮುಂದೆ ನಿಂತ. "ಬಿಯರು ಚೆನ್ನಾಗೇ ಇದೆಯಲ್ಲಜ್ಜಿ. ಮತ್ಯಾಕೆ ಜಗಳ?"

"ಚೆನ್ನಾಗಿರೋದಕ್ಕೇ ಜಗಳ ಕಣೋ ಮಗ. ಅದನ್ನ ಮಾಡಿದವಳು ನಾನು."

ಅವನು ತಲೆ ಕೆರೆದುಕೊಂಡ, ಒಳಗೆ ಹೋದ. ಅವತ್ತು ಒಳಗೆ ಹೋದವರೇ ಹೆಚ್ಚು. ಇವತ್ತಿಗೂ ಅವರೇ ಹೆಚ್ಚು.

ಕ್ಲಾರಿ ಒಂದು ಶುಕ್ರವಾರವೂ ತಪ್ಪಿಸಿಲ್ಲ. ಸಾಲಿನ ಆ ತುದಿಯಲ್ಲಿ ಅವನು, ಈ ತುದಿಯಲ್ಲಿ ಅವಳು. ಅವನು ಅವಳ ಮುಖ ನೋಡುವುದಿಲ್ಲ. ಯಾಕೆ ಅಂತ ಅವಳು ಕೇಳುವುದೂ ಇಲ್ಲ. ಸಾಲಿನಲ್ಲಿ ಕೂರಲು ಒಬ್ಬರನ್ನೊಬ್ಬರು ಕ್ಷಮಿಸಬೇಕು ಅಂತ ಎಲ್ಲೂ ಇಲ್ಲ. ಕುರ್ಚಿ ಹಾಕಿದ ಮೇಲೆ ಇಬ್ಬರು ತೀರಿಕೊಂಡಿದ್ದಾರೆ, ಕಂಪನಿಗೆ ವಾರಕ್ಕೆ ಎರಡು ಪೆಟ್ಟಿಗೆ ಉಳಿತಾಯ. ಕರಾವಳಿಯಲ್ಲಿ ಕೂತವರು ಕೋರ್ಟಿಗೆ ಹೋಗುವುದಿಲ್ಲ, ಮಾತುಕತೆಗೆ ಬರುವುದಿಲ್ಲ, ಉತ್ತರ ಬರೆಯುವುದಿಲ್ಲ. ಸುಮ್ಮನೆ ಕಾಯುತ್ತಿದ್ದಾರೆ. ಮುದುಕರ ಬಾಕಿ ತೀರಿಸುವ ಅಗ್ಗದ ದಾರಿ ಮುದುಕರು ತೀರುವ ತನಕ ಕಾಯುವುದು. ಎಲ್ಲ ದೇಶದ ಎಲ್ಲ ಮಾಲೀಕರಿಗೂ ಈ ಲೆಕ್ಕ ಬಾಯಿಪಾಠ.

ಲೋರ್ನಾಗೆ ಈಗ ಎಪ್ಪತ್ತೊಂದು. ಮಂಡಿ ಊದುತ್ತದೆ, ಬೇಸಿಗೆಯ ಡಾಂಬರು ಕಾದು ಚಪ್ಪಲಿ ಅಂಟುತ್ತದೆ. ಮನೆಯಲ್ಲಿ ಡ್ರಮ್ಮು ಇನ್ನೂ ಹುಳಿಯುತ್ತದೆ, ಭರಣಿ ಇನ್ನೂ ಸರದಿ ಸುತ್ತುತ್ತದೆ, ಫ್ರಿಜ್ಜಿನ ಸರಪಳಿ ಮಾತ್ರ ಬಿಚ್ಚಿದ್ದಾರೆ. ಕೇಳಿದವರಿಗೆಲ್ಲ ಅವಳು ಈಗ ಹೆಪ್ಪು ಪುಕ್ಕಟೆ ಕೊಡುತ್ತಾಳೆ.

ಇಲ್ಲಿಯ ತನಕ ಓದಿದಿರಿ. ಅಯ್ಯೋ ಅಂದಿರೇನೋ. ಆ ಅಯ್ಯೋ ನಿಮ್ಮ ಹತ್ತಿರವೇ ಇರಲಿ, ಪಾಪ ಅಂದವರನ್ನು ಲೋರ್ನಾ ಸಾಕಷ್ಟು ನೋಡಿದ್ದಾಳೆ. ನಿಮ್ಮಿಂದ ಬೇಕಾದದ್ದು ಬೇರೆ. ಅಂಗಡಿಯ ಫ್ರಿಜ್ಜಿನಲ್ಲಿ ಕೆಂಪು ಚೀಟಿ ಕಂಡರೆ ಚಾಚಿದ ಕೈ ಹಿಂದಕ್ಕೆ ತೆಗೆಯಿರಿ. ಗಲ್ಲಾದವನನ್ನು ಗಟ್ಟಿಯಾಗಿ, ಹಿಂದೆ ನಿಂತವರಿಗೂ ಕೇಳುವ ಹಾಗೆ ಕೇಳಿ: ಮೆರಿಗಲ್ಲಿನವರಿಗೆ ಈ ವಾರದ ಪೆಟ್ಟಿಗೆ ಮುಟ್ಟಿತೇ? ಮುಟ್ಟಿಲ್ಲ ಅಂದರೆ ಕುಡಿಯಬೇಡಿ, ಕುಡಿಸಬೇಡಿ. ಮೆರಿಗಲ್ಲಿಗೇ ಬಂದಿರೋ, ಶುಕ್ರವಾರ ಸಂಜೆ ಗ್ಲೋಬ್‌ನ ಮುಂದೆ ಖಾಲಿ ಕುರ್ಚಿಗಳಿರುತ್ತವೆ. ಒಂದನ್ನು ಎಳೆದುಕೊಂಡು ಕೂರಿ. ಕೂರಲು ಆಗದಿದ್ದರೆ ಹೋಗಿ, ಆದರೆ ಸಾಲು ದಾಟಬೇಡಿ.